ಮುದುಕಿಯ ಜಾಯಿಂಟು

ಅಚ್ಚಾದದ್ದೆಲ್ಲ ಸತ್ಯ ಎಂದು ನಂಬುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅಚ್ಚಿಗೆ ಹೋಗುವ ಮುಂಚೆ ಅದರ ತಪ್ಪು ತಿದ್ದುವ ಕೆಲಸವನ್ನೇ ಮಾಡುತ್ತ, ಅದರಿಂದಲೇ ಅನ್ನ ತಿನ್ನುತ್ತ, ಆಮೇಲೂ ಹಾಗೆ ನಂಬಿದವರು ನನಗೆ ತಿಳಿದಂತೆ ಒಬ್ಬರೇ. ಅವರು ನಮ್ಮ ಎದುರುಮನೆಯವರು. ಮುದ್ರಣಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದಾರೆ. ಅಂಗಡಿ ಬೋರ್ಡಿನಲ್ಲಿ ಒಂದು ಒತ್ತು ಬಿಟ್ಟುಹೋಗಿದ್ದರೆ ಸಾಕು, ಒಳಗೆ ಹೋಗಿ ಹೇಳಿ, ಮಾಲೀಕ ಏಣಿ ತರುವ ತನಕ ಕದಲದೆ ನಿಲ್ಲುತ್ತಾರೆ. ಅದಕ್ಕೇ ಬೀದಿಯವರು ಅವರಿಗೆ ‘ಒತ್ತಕ್ಷರ’ ಎಂದು ಹೆಸರಿಟ್ಟಿದ್ದಾರೆ. ಅದು ಅವರಿಗೂ ಗೊತ್ತು. ‘ಕ್ಷ’ವನ್ನು ಸರಿಯಾಗಿ ಉಚ್ಚರಿಸಿದರೆ ಅವರದೇನೂ ಅಭ್ಯಂತರವಿಲ್ಲ.

ಇಂಥ ಒತ್ತಕ್ಷರದವರು ಹೋದ ತಿಂಗಳು ಒಂದು ಹಳೇ ಜೀಪು ಕೊಂಡರು. ನಿಜ ಹೇಳಬೇಕೆಂದರೆ ಅವರು ಮೊದಲು ಕೊಂಡದ್ದು ಪುಸ್ತಕ. ಯಾವುದೋ ಇಲಾಖೆ ಯಾವುದೋ ಕಾಲದಲ್ಲಿ ತನ್ನ ಚಾಲಕರಿಗಾಗಿ ಅಚ್ಚು ಹಾಕಿಸಿದ್ದ ರಿಪೇರಿ ಕೈಪಿಡಿ ಅದು. ಹಳೇ ಪುಸ್ತಕದ ಅಂಗಡಿಯಲ್ಲಿ, ಗ್ರೀಸು ಮೆತ್ತಿಕೊಂಡು ಬಿದ್ದಿತ್ತು. ಮನೆಗೆ ತಂದು ಕೆಂಪು ಪೆನ್ನು ಹಿಡಿದು ಓದಿದರು. ಇನ್ನೂರ ಹನ್ನೆರಡು ಪುಟ. ಸಿಕ್ಕಿದ ತಪ್ಪು ಹನ್ನೊಂದೇ. ‘ಇಷ್ಟು ಶುದ್ಧವಾಗಿ ಅಚ್ಚಾದ ಗಾಡಿ ಕೆಟ್ಟದ್ದಾಗಿರೋಕೆ ಸಾಧ್ಯವೇ ಇಲ್ಲ’ ಎಂದು ತೀರ್ಮಾನಿಸಿ, ಒಂದೇ ವಾರದಲ್ಲಿ ಆ ಪುಸ್ತಕಕ್ಕೆ ಹೊಂದುವ ಗಾಡಿಯನ್ನು ಹುಡುಕಿ ತಂದರು. ನಾಲ್ಕೂ ಚಕ್ರಕ್ಕೆ ಎಳೆಯುವ ಶಕ್ತಿ ಇರುವ ಗಾಡಿ. ವಯಸ್ಸಾದದ್ದು. ಅದಕ್ಕೆ ಅವರು ಪ್ರೀತಿಯಿಂದ ‘ಮುದುಕಿ’ ಎಂದು ಹೆಸರಿಟ್ಟರು. ಈ ನಾಮಕರಣವನ್ನು ಬೀದಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ನನಗೆ ಬರೆಯಲು ಏನೂ ಉಳಿಯುತ್ತಿರಲಿಲ್ಲ.

ಮುದುಕಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಹೊರಡುವಾಗೊಮ್ಮೆ, ಗೇರು ಬದಲಿಸಿದಾಗೊಮ್ಮೆ ಹೊಟ್ಟೆಯ ಕೆಳಗಿನಿಂದ ‘ಟಕ್’ ಎನ್ನುತ್ತಿತ್ತು.

“ರೀ, ಯಾವನಾದ್ರೂ ಮೆಕ್ಯಾನಿಕ್ಕಿಗೆ ತೋರಿಸಿ,” ಎಂದರು ಹೆಂಡತಿ. ಅವರು ಶಾಲಾ ಶಿಕ್ಷಕಿ. ಒಂದು ಮಾತನ್ನು ಎರಡು ಸಲ ಹೇಳುವ ಅಭ್ಯಾಸ ಇಲ್ಲ.

“ಅವನು ಈ ಪುಸ್ತಕ ಓದಿದ್ದಾನಾ?”

“ಅವನಿಗೆ ಕೆಲಸ ಬರುತ್ತೆ.”

“ಹಾಗಂದ್ರೆ ಓದಿಲ್ಲ ಅಂತ ಆಯ್ತು.”

ಈ ಹೊತ್ತಿಗೆ ಸರಿಯಾಗಿ ಅವರ ಅತ್ತೆ ಊರಿನಿಂದ ಬಂದರು. ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಒಬ್ಬರೇ ಹಿಟ್ಟಿನ ಗಿರಣಿ ನಡೆಸಿದ ಹೆಂಗಸು. ನಿಂತೂ ನಿಂತೂ ಎರಡು ಮಂಡಿಯೂ ಸವೆದುಹೋಗಿದ್ದವು. ನಮ್ಮ ಬೀದಿಯ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ‘ಆಪರೇಷನ್ ಮಾಡಿ ಹೊಸ ಕೀಲು ಹಾಕೋಣ’ ಎನ್ನುತ್ತಿದ್ದರು. ಇವರು ‘ನೋಡೋಣ’ ಎನ್ನುತ್ತಿದ್ದರು. ಹೀಗೆ ಮೂರು ವರ್ಷ ಕಳೆದಿತ್ತು. ಸೋಮವಾರ ಮತ್ತೆ ತೋರಿಸುವುದೆಂದು ಮಗಳು ಹಟ ಹಿಡಿದು ಕರೆಸಿದ್ದಳು. ಬಸ್ ನಿಲ್ದಾಣದಿಂದ ಅಳಿಯನೇ ಜೀಪಿನಲ್ಲಿ ಕರೆತಂದರು. ದಾರಿಯುದ್ದಕ್ಕೂ ಟಕ್, ಟಕ್. ಅತ್ತೆ ಕಿವಿಗೊಟ್ಟು ಕೇಳಿ, “ಅಳಿಯಂದ್ರೇ, ಎಲ್ಲೋ ಒಣಗಿದೆ,” ಎಂದರು. ಒತ್ತಕ್ಷರದವರು ತಕ್ಷಣ ಗಾಡಿ ನಿಲ್ಲಿಸಿ ನೀರಿನ ಬಾಟಲಿ ಕೊಟ್ಟರು.

ಮಾರನೆಯ ದಿನ ಭಾನುವಾರ. ಹೆಂಡತಿ ಪರೀಕ್ಷೆಯ ಪೇಪರು ತಿದ್ದಲು ಬೆಳಗ್ಗೆಯೇ ಶಾಲೆಗೆ ಹೋದರು. ಅವರು ಬೀದಿಯ ತಿರುವು ದಾಟುತ್ತಿದ್ದಂತೆ ಒತ್ತಕ್ಷರದವರು ಕಾಂಪೌಂಡ್ ಗೋಡೆಯ ಪಕ್ಕ ನಿಂತು ಬಿಡಿಭಾಗದ ಅಂಗಡಿಗೆ ಫೋನು ಹಚ್ಚಿದರು. ಗೋಡೆಯ ಆಚೆ ಪಕ್ಕದ ಮನೆಯ ಅಕ್ಕ ಬಟ್ಟೆ ಹರವುತ್ತಿದ್ದರು. ಈ ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಂಡವರ ಮಾತಿಗೆಲ್ಲ ತಂತಿ ಜೋಡಿಸಿ ನಿವೃತ್ತರಾದವರು. ಒಂದು ಕಡೆಯ ಮಾತು ಕೇಳಿದರೆ ಸಾಕು, ಇನ್ನೊಂದು ಕಡೆಯದನ್ನು ಅವರೇ ಪೂರ್ತಿ ಮಾಡಿಕೊಳ್ಳುತ್ತಾರೆ. ಆ ದಿನ ಅವರ ಕಿವಿಗೆ ಬಿದ್ದದ್ದು ಇಷ್ಟು:

“ಹಲೋ, ನಮ್ಮ ಮುದುಕಿ ವಿಷಯ... ಹೌದು, ಜಾಯಿಂಟು ಪೂರ್ತಿ ಹೋಗಿದೆ. ಹೆಜ್ಜೆಹೆಜ್ಜೆಗೂ ಟಕ್ ಅನ್ನುತ್ತೆ... ಇಲ್ಲ ಇಲ್ಲ, ಹೊರಗಡೆ ತೋರಿಸೋ ಮಾತೇ ಇಲ್ಲ. ಮನೆ ಅಂಗಳದಲ್ಲೇ ಬಿಚ್ಚಿ ನಾನೇ ಹೊಸದು ಹಾಕ್ತೀನಿ... ಅಯ್ಯೋ, ಅನುಭವ ಯಾತಕ್ಕೆ? ಪುಸ್ತಕ ಇದೆಯಲ್ಲ! ಸುತ್ತಿಗೇಲಿ ಎರಡು ಕೊಟ್ರೆ ಹಳೇದು ತಾನಾಗೇ ಕೆಳಗೆ ಬೀಳುತ್ತೆ... ವಯಸ್ಸಾ? ದಾಖಲೇಲಿ ಒಂದಿದೆ, ನೋಡಿದ್ರೆ ಜಾಸ್ತಿ ಅನ್ಸುತ್ತೆ... ನಮ್ಮ ಮನೆಯವಳಿಗೆ ಹೇಳಿಲ್ಲ. ಅವಳು ಬರೋಷ್ಟರಲ್ಲಿ ಎಲ್ಲ ಮುಗಿಸಿ ನೆಲ ಒರೆಸಿಬಿಡ್ತೀನಿ... ಹಳೇದು ತೂಕಕ್ಕೆ ತಗೋತೀರಾ? ಸರಿ, ಈಗಲೇ ಬಂದೆ.”

ಒತ್ತಕ್ಷರದವರು ಸೈಕಲ್ ಹತ್ತಿ ಹೋದರು. ಅಕ್ಕನ ಕೈಯಲ್ಲಿದ್ದ ಒದ್ದೆ ದುಪ್ಪಟಿ ಕೈಯಲ್ಲೇ ಉಳಿಯಿತು. ಆದರೂ ಅವರು ದುಡುಕುವವರಲ್ಲ. ಮೂವತ್ತು ವರ್ಷದ ಸೇವೆಯಲ್ಲಿ ‘ಲೈನ್ ಪರೀಕ್ಷಿಸದೆ ದೂರು ಬರೆಯಬಾರದು’ ಎಂಬುದನ್ನು ಕಲಿತವರು. ನೇರವಾಗಿ ಈ ಮನೆಗೆ ಬಂದು, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆಯ ಎದುರು ನಿಂತರು.

“ಅಮ್ಮಾ, ನಿಮ್ಮ ಅಳಿಯ ನಿಮ್ಮತ್ರ ಏನಾದ್ರೂ ಹೇಳಿದ್ರಾ? ಈ ಜಾಯಿಂಟಿನ ವಿಷಯ?”

“ಹೇಳಿದ್ರಲ್ಲ. ಇವತ್ತೇ ಬಿಚ್ಚಿ ಬೇರೆ ಹಾಕ್ತಾರಂತೆ.”

“ನೀವು ಒಪ್ಪಿದ್ರಾ?”

“ಒಪ್ಪದೆ ಏನು? ಹಳೇದಾಯ್ತು ಅಂತ ಗುಜರಿಗೆ ಹಾಕೋಕಾಗುತ್ತಾ? ಬಿಚ್ಚಿ ನೋಡಿದ್ರೆ ತಾನೇ ಗೊತ್ತಾಗೋದು.”

ಅಕ್ಕ ಕಂಬ ಹಿಡಿದುಕೊಂಡರು. “ನೋವಾಗಲ್ವಾ ಅಮ್ಮಾ?”

“ಅವರಿಗೆ ಬೆನ್ನು ನೋಯಬಹುದು. ಮಲಗಿಕೊಂಡು ಮಾಡೋ ಕೆಲಸ ನೋಡಿ.”

“ಅಷ್ಟು ಧೈರ್ಯವಾ ನಿಮಗೆ?”

“ಧೈರ್ಯ ಏನು ಬಂತು? ನಮ್ಮ ಯಜಮಾನ್ರು ಹೋದ್ಮೇಲೆ ಎಷ್ಟು ಸಲ ನಾನೇ ಬಿಚ್ಚಿ ಹಾಕಿಲ್ಲ! ಕೈಗೆ ಸ್ವಲ್ಪ ಸೀಮೆಎಣ್ಣೆ ಹಚ್ಕೊಂಡ್ರೆ ಆಯ್ತು.”

ಅಷ್ಟರಲ್ಲಿ ಒತ್ತಕ್ಷರದವರು ಹಿಂದಿರುಗಿದರು. ಒಂದು ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಥಳಥಳ ಹೊಳೆಯುವ ಉಕ್ಕಿನ ವಸ್ತು, ಇನ್ನೊಂದರಲ್ಲಿ ಕೆಂಪು ಗ್ರೀಸಿನ ಡಬ್ಬಿ, ಕಂಕುಳಲ್ಲಿ ಸುತ್ತಿಗೆ. “ಅತ್ತೆ, ಶುರು ಮಾಡೋಣ್ವಾ?” ಎಂದು ಉತ್ಸಾಹದಿಂದ ಕೇಳಿದರು. “ಮಾಡಿ ಮಾಡಿ, ಬಿಸಿಲು ಏರುತ್ತೆ,” ಎಂದರು ಅತ್ತೆ.

ಅಕ್ಕ ಮನೆಗೆ ಓಡಿದರು. ಮೊದಲು ಆಂಬುಲೆನ್ಸಿಗೆ, ಆಮೇಲೆ ಕ್ಲಿನಿಕ್ಕಿನ ಡಾಕ್ಟರಿಗೆ, ಆಮೇಲೆ ಪೊಲೀಸ್ ಠಾಣೆಗೆ, ಕೊನೆಗೆ ನನಗೆ ಫೋನು ಮಾಡಿದರು. ನನಗೆ ಯಾಕೆಂದರೆ, ಸಾಕ್ಷಿಗೆ ಒಬ್ಬರು ಬೇಕಲ್ಲ.

ಇತ್ತ ಶಸ್ತ್ರಚಿಕಿತ್ಸೆ ಶುರುವಾಗಿತ್ತು. ಗಾಡಿಯ ನಡುವಿನ ಗೇರುಪೆಟ್ಟಿಗೆಯಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆಯೇ ಶಾಫ್ಟು. ಅದರ ಎರಡು ತುದಿಯಲ್ಲೂ ಕೂಡಿಸುವ ಚಿಹ್ನೆಯ ಆಕಾರದ ಒಂದೊಂದು ಉಕ್ಕಿನ ತುಂಡು ಇರುತ್ತದೆ. ಅದಕ್ಕೆ ಕ್ರಾಸು ಎನ್ನುತ್ತಾರೆ, ಜಾಯಿಂಟು ಎಂದರೂ ಅದೇ. ಅದು ಸವೆದರೇ ಟಕ್. ಶಾಫ್ಟು ಬಿಚ್ಚು, ಕ್ರಾಸು ಬದಲಿಸು, ಶಾಫ್ಟು ಹಾಕು: ಪುಸ್ತಕದಲ್ಲಿ ಮೂರು ಪ್ಯಾರಾ. ಒತ್ತಕ್ಷರದವರು ಅದನ್ನು ಬಾಯಿಪಾಠ ಮಾಡಿದ್ದರು. ಕೈಬ್ರೇಕು ಎಳೆದರು. ಅದು ಸಾಲದೆಂದು ಮೊದಲನೇ ಗೇರಿನಲ್ಲಿಟ್ಟರು. ಅದೂ ಸಾಲದೆಂದು ಅತ್ತೆಯನ್ನು ಚಾಲಕನ ಸೀಟಿನಲ್ಲಿ ಕೂರಿಸಿದರು. ಎತ್ತರದ ಸೀಟು, ಮಂಡಿ ಮಡಚಬೇಕಾಗಿಲ್ಲ, ಪುಸ್ತಕ ಹಿಡಿದು ಗಟ್ಟಿಯಾಗಿ ಓದಲು ಬೆಳಕೂ ಚೆನ್ನಾಗಿತ್ತು. ಅಂಗಳ ರಸ್ತೆಯ ಕಡೆಗೆ ಸ್ವಲ್ಪ ಇಳಿಜಾರು. ಗೇಟು ತೆರೆದೇ ಇತ್ತು. ರಸ್ತೆ ಅಂಗಳಕ್ಕಿಂತ ಇಳಿಜಾರು.

ಕೆಳಗೆ ಮಲಗಿ, ಜೋಡಣೆ ತಪ್ಪದಂತೆ ಶಾಫ್ಟಿಗೂ ಅದನ್ನು ಗಾಡಿಗೆ ಬಿಗಿಯುವ ದುಂಡು ಬಿಲ್ಲೆಗೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದರು. ಒಂದು ತುದಿಯ ನಾಲ್ಕು ನಟ್ಟು ಬಂದವು. ಇನ್ನೊಂದು ತುದಿಯ ಮೂರು ಬಂದವು. ನಾಲ್ಕನೆಯದು ಹಟ ಮಾಡಿತು. ಅದಕ್ಕೆ ಕೈತುಂಬ ಕೆಂಪು ಗ್ರೀಸು ಬಳಿದು, ಸುತ್ತಿಗೆಯಲ್ಲಿ ಎರಡು ಕೊಟ್ಟು, ನಟ್ಟು ಬಿಚ್ಚುವ ಪಾನ ಹಾಕಿ ತಿರುಗಿಸಿದರು. ಶಾಫ್ಟು ಕಳಚಿ ಎದೆಯ ಮೇಲೆ ಬಂತು. “ಬಂತು ಅತ್ತೆ!” ಎಂದು ಕೂಗಿದರು.

ಆಗ ಅವರ ಮುಖದ ಮೇಲೆ ಬಿಸಿಲು ಬಿತ್ತು.

ಗಾಡಿಯ ಅಡಿಯಲ್ಲಿ ಮಲಗಿದವನ ಮುಖಕ್ಕೆ ಬಿಸಿಲು ಹೇಗೆ ಬಿತ್ತು ಎಂದು ಅವರು ಒಂದು ಗಳಿಗೆ ಯೋಚಿಸಿದರಂತೆ. ಎಡಕ್ಕೆ ಒಂದು ಚಕ್ರ, ಬಲಕ್ಕೆ ಒಂದು ಚಕ್ರ ಮೆಲ್ಲಗೆ ದಾಟಿ ಹೋದದ್ದು ಗಮನಕ್ಕೆ ಬಂತಂತೆ. ತಲೆ ಎತ್ತಿ ನೋಡಿದರೆ ಮುದುಕಿ, ಅಂದರೆ ಜೀಪು, ಅತ್ತೆಯನ್ನು ಕೂರಿಸಿಕೊಂಡು, ಸದ್ದಿಲ್ಲದೆ, ಗಂಭೀರವಾಗಿ ಗೇಟು ದಾಟುತ್ತಿತ್ತು.

ಅದೇ ಹೊತ್ತಿಗೆ ನಾನು ನಮ್ಮ ಮನೆಯಿಂದ ಹೊರಗೆ ಬಂದೆ. ಅಕ್ಕ ಬೀದಿಯ ನಡುವೆ ನಿಂತಿದ್ದರು. ಕೆಳಗಿನ ತಿರುವಿನಲ್ಲಿ ಆಂಬುಲೆನ್ಸು ಕೂಗುತ್ತ ಏರಿ ಬರುತ್ತಿತ್ತು. ಅದರ ಹಿಂದೆ ಬೈಕಿನಲ್ಲಿ ಹೆಡ್ ಕಾನ್‌ಸ್ಟೇಬಲ್ಲು. ಮೇಲಿನಿಂದ ಎಂಜಿನ್ನಿನ ಸದ್ದೇ ಇಲ್ಲದೆ ಜೀಪು ಇಳಿಯುತ್ತಿತ್ತು. ಸ್ಟೀರಿಂಗ್ ಹಿಡಿದು ಅತ್ತೆ ನೆಟ್ಟಗೆ ಕೂತಿದ್ದರು. ಹಿಂದೆ ಒತ್ತಕ್ಷರದವರು ಬರಿಗಾಲಲ್ಲಿ ಓಡಿಬರುತ್ತಿದ್ದರು. ಎರಡು ಕೈಯೂ ಮೊಣಕೈವರೆಗೆ ಕೆಂಪು. ಹೆಗಲ ಮೇಲೆ ಆಳುದ್ದದ ಕಬ್ಬಿಣ.

“ಹಿಡೀರಿ! ಮುದುಕೀನ ಹಿಡೀರಿ! ಬಿಡಬೇಡಿ! ಜಾಯಿಂಟು ಬಿಚ್ಚಾಗಿದೆ!”

“ಅಯ್ಯೋ ದೇವರೇ,” ಎಂದರು ಅಕ್ಕ. “ಅರ್ಧ ಆಪರೇಷನ್ನಲ್ಲಿ ಎದ್ದು ತಪ್ಪಿಸ್ಕೊಂಡು ಹೋಗ್ತಿದ್ದಾರೆ ಕಣ್ರೀ!”

ಆಂಬುಲೆನ್ಸಿನ ಚಾಲಕ, ತನ್ನ ಮೇಲೇ ಬರುತ್ತಿದ್ದ ಜೀಪನ್ನು ತಪ್ಪಿಸಲು ಎಡಕ್ಕೆ ತಿರುಗಿಸಿದ. ಎಡಕ್ಕೆ ನೀರಿನ ಕೊಳವೆಗಾಗಿ ತೋಡಿದ ಕಾಲುವೆ ಇತ್ತು. ಹಿಂದಿನ ಚಕ್ರ ಅದರೊಳಗೆ ಇಳಿದು, ಗಾಡಿ ಒಂದು ಕಡೆಗೆ ವಾಲಿ ನಿಂತಿತು. ಅತ್ತೆಯೂ ತಮ್ಮ ಎಡಕ್ಕೆ ತಿರುಗಿಸಿದರು. ರಸ್ತೆಯ ಆ ಬದಿಗೆ ಕಾಲುವೆಯಿಂದ ತೆಗೆದ ಮಣ್ಣಿನ ರಾಶಿ ಇತ್ತು. ಜೀಪು ಅದರ ಮೇಲೆ ಅರ್ಧ ಏರಿ, ನಿಟ್ಟುಸಿರು ಬಿಟ್ಟಂತೆ ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ.

“ಕಿರುಚಿಕೊಳ್ಳಲಿಲ್ವಲ್ಲಮ್ಮಾ ನೀವು!” ಎಂದೆ ನಾನು.

“ಕಿರುಚಿದ್ರೆ ನಿಲ್ಲುತ್ತಾ? ಬ್ರೇಕು ತುಳಿಯೋಕೆ ಈ ಮಂಡಿ ಬಗ್ಗಲ್ಲ. ಗಿರಣೀಲಿ ಬೆಲ್ಟು ಹಾರಿದಾಗ ಎಲ್ಲಿ ಮೂಟೆ ಇದೆ ಅಂತ ಮೊದಲು ನೋಡ್ಕೋಬೇಕು.”

ಹೆಡ್ ಕಾನ್‌ಸ್ಟೇಬಲ್ಲು ಬೈಕು ನಿಲ್ಲಿಸಿ ಒತ್ತಕ್ಷರದವರ ಎದುರು ಬಂದರು. ಇವರ ಕೈ ನೋಡಿದರು. ಹೆಗಲು ನೋಡಿದರು.

“ಏನ್ರೀ ಇದು?”

“ಜಾಯಿಂಟು ಸಾರ್.”

“ಯಾರದ್ದು?”

“ಮುದುಕೀದು ಸಾರ್.”

ಕಾನ್‌ಸ್ಟೇಬಲ್ಲು ಆ ಶಾಫ್ಟನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು ನೋಡಿ, ಸೀಟಿನಲ್ಲಿದ್ದ ಅತ್ತೆಯನ್ನು ನೋಡಿ, ಧ್ವನಿ ತಗ್ಗಿಸಿ ಕೇಳಿದರು: “ಇಷ್ಟುದ್ದದ್ದು ಒಳಗಿತ್ತೇನ್ರೀ?”

“ಇನ್ನೊಂದಿದೆ ಸಾರ್, ಮುಂದಗಡೆ. ಅದು ಚೆನ್ನಾಗಿದೆ. ಅದನ್ನ ಇವತ್ತು ಮುಟ್ಟಲ್ಲ.”

ಅಷ್ಟರಲ್ಲಿ, ಕ್ಲಿನಿಕ್ಕಿನ ಹತ್ತಿರ ಆಂಬುಲೆನ್ಸು ಹತ್ತಿಕೊಂಡಿದ್ದ ಡಾಕ್ಟರು ಅದರಿಂದ ಕಷ್ಟಪಟ್ಟು ಹೊರಬಂದರು. ನೇರವಾಗಿ ಬಂದು ಅತ್ತೆಯ ಎರಡು ಮಂಡಿಯನ್ನೂ ಒತ್ತಿ ನೋಡಿ, “ಇಲ್ಲೇ ಇವೆಯಲ್ರೀ ಎರಡೂ!” ಎಂದರು. ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿತ್ತು. ಆಮೇಲೆ ಪ್ರಶ್ನೆ, ಅಡ್ಡಪ್ರಶ್ನೆ ಎಲ್ಲ ಆಗಿ, ಮುದುಕಿ ಎಂದರೆ ಜೀಪು ಎಂಬ ಸತ್ಯ ಹೊರಬಿತ್ತು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಒಂದಿಷ್ಟೂ ಅಳುಕಲಿಲ್ಲ.

“ನಾನು ಕೇಳಿದ್ದು ಒಂದಕ್ಷರ ತಪ್ಪಿದ್ರೆ ಹೇಳಿ ನೋಡೋಣ,” ಎಂದರು. ತಪ್ಪಿರಲಿಲ್ಲ. ಒತ್ತಕ್ಷರದವರೇ ಅದನ್ನು ಒಪ್ಪಿದರು.

ಅತ್ತೆಯ ತೊಡೆಯ ಮೇಲೆ ಪುಸ್ತಕ ಇನ್ನೂ ಇತ್ತು. ಅವರು ಸುಮ್ಮನೆ ಪುಟ ತಿರುವುತ್ತಿದ್ದವರು, “ಅಳಿಯಂದ್ರೇ, ಇಲ್ಲಿ ಎರಡು ಹಾಳೆ ಅಂಟಿಕೊಂಡಿದೆ,” ಎಂದು ಉಗುರಿನಿಂದ ಬಿಡಿಸಿದರು. ನಲವತ್ತೊಂದನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಎಚರಿಕೆ: ಈ ಗಾಡಿಯ ಕೈಬ್ರೇಕು ಹಿಂದಿನ ಶಾಫ್ಟನ್ನು ಹಿಡಿಯುತ್ತದೆಯೇ ಹೊರತು ಚಕ್ರಗಳನ್ನಲ್ಲ. ಶಾಫ್ಟು ಬಿಚ್ಚಿದ ಮೇಲೆ ಕೈಬ್ರೇಕಾಗಲಿ ಗೇರಾಗಲಿ ಗಾಡಿಯನ್ನು ತಡೆಯಲಾರದು. ಮೊದಲು ಚಕ್ರಗಳಿಗೆ ಕಲ್ಲು ಕೊಡಿ.’

ಒತ್ತಕ್ಷರದವರು ಎರಡು ಸಲ ಓದಿದರು. “ನೋಡಿದ್ರಾ,” ಎಂದರು, “ಎಚ್ಚರಿಕೆಗೆ ಚ ಒತ್ತೇ ಇಲ್ಲ. ಹನ್ನೆರಡನೇ ತಪ್ಪು.”

ಇಷ್ಟಕ್ಕೇ ಎಲ್ಲರೂ ನಗುತ್ತ ಮನೆಗೆ ಹೋಗಿದ್ದರೆ ಇದು ಹೇಳುವಂಥ ಕಥೆಯಾಗುತ್ತಿರಲಿಲ್ಲ. ಆಂಬುಲೆನ್ಸಿನ ಚಾಲಕನ ಫೋನು ಬಡಿದುಕೊಂಡಿತು. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು. ಮರ ಕೊಯ್ಯುವ ಮಿಲ್ಲಿನ ಹಿಂದಿನ ಓಣಿಯಲ್ಲಿ ತುಂಬು ಗರ್ಭಿಣಿ, ನೋವು ಜೋರಾಗಿದೆ, ಊರಿನ ಇನ್ನೊಂದು ಆಂಬುಲೆನ್ಸು ದೂರ ಹೋಗಿದೆ. ಇದರ ಚಕ್ರವೋ ಕಾಲುವೆಯಲ್ಲಿ. ನಾವೆಲ್ಲ ಹಿಂದಿನಿಂದ ನೂಕಿದೆವು. ಕಾನ್‌ಸ್ಟೇಬಲ್ಲು ಶಿಳ್ಳೆ ಊದಿದರು. ಚಕ್ರ ಗಿರಗಿರ ತಿರುಗಿ ಇನ್ನಷ್ಟು ಕೆಳಗಿಳಿಯಿತು.

“ಜೀಪಿನಲ್ಲಿ ಎಳೀಬಹುದಿತ್ತು,” ಎಂದರು ಡಾಕ್ಟರು, ಶಾಫ್ಟಿನ ಕಡೆ ನೋಡುತ್ತ. “ಅದರ ಕರುಳು ನೀವು ಹೆಗಲ ಮೇಲೆ ಹೊತ್ಕೊಂಡಿದ್ದೀರಿ.”

ಅತ್ತೆ ಸೀಟಿನಿಂದಲೇ ಕೇಳಿದರು: “ಅಳಿಯಂದ್ರೇ, ಮುಂದಗಡೆ ಇನ್ನೊಂದಿದೆ ಅಂದ್ರಲ್ಲ. ಒಂದು ಬೆಲ್ಟು ಹೋದ್ರೆ ಇನ್ನೊಂದು ಬೆಲ್ಟಿನ ಮೇಲೆ ಕಲ್ಲು ತಿರುಗಲ್ವಾ?”

ಒತ್ತಕ್ಷರದವರು ಕಣ್ಣು ಮುಚ್ಚಿದರು. ತುಟಿ ಅಲುಗಿತು. ಅರವತ್ತೇಳನೆಯ ಪುಟ ಅವರೊಳಗೆ ತೆರೆದುಕೊಳ್ಳುತ್ತಿರುವುದು ನಮಗೆ ಹೊರಗಿನಿಂದಲೇ ಕಾಣುತ್ತಿತ್ತು. “ಚಿಕ್ಕ ಲಿವರು,” ಎಂದರು. “ಚಿಕ್ಕ ಲಿವರು ಹಾಕಿದ್ರೆ ಶಕ್ತಿ ಮುಂದಿನ ಶಾಫ್ಟಿಗೂ ಹೋಗುತ್ತೆ. ಹಿಂದಿನದು ಇಲ್ಲದಿದ್ರೂ ಹೋಗುತ್ತೆ! ಅತ್ತೆ, ಸ್ವಲ್ಪ ಜರುಗಿ.”

ಶಾಫ್ಟನ್ನು ಕಾನ್‌ಸ್ಟೇಬಲ್ಲಿನ ಕೈಗೆ ಕೊಟ್ಟು ಹತ್ತಿ ಕೂತರು. ಎಂಜಿನ್ ಶುರುವಾಯಿತು. ಚಿಕ್ಕ ಲಿವರು ಎಳೆದರು. ಕ್ಲಚ್ಚು ಬಿಟ್ಟರು. ಜೀಪು ಒಮ್ಮೆ ನಡುಗಿ ಆರಿಹೋಯಿತು. ಮತ್ತೆ ಶುರು, ಮತ್ತೆ ಆರಿತು. “ಕೈಬ್ರೇಕು!” ಎಂದು ಇಡೀ ಬೀದಿ ಒಂದೇ ಕಂಠದಲ್ಲಿ ಕೂಗಿತು. ಐದು ನಿಮಿಷದ ಹಿಂದೆ ಕೈಬ್ರೇಕಿನ ವಿಷಯ ಏನೂ ಗೊತ್ತಿಲ್ಲದ ಬೀದಿ ಅದು.

ಅದನ್ನು ಬಿಟ್ಟದ್ದೇ ಜೀಪು ಮಣ್ಣಿನ ರಾಶಿಯಿಂದ ಹಿಂದೆ ಸರಿದು, ಏರಿನ ಕಡೆಗೆ ತಿರುಗಿ, ಆಂಬುಲೆನ್ಸಿನ ಮುಂದೆ ಬಂದು ನಿಂತಿತು. ಅಕ್ಕ ಬಟ್ಟೆ ಹರವುವ ನೈಲಾನ್ ಹಗ್ಗವನ್ನು ನಾಲ್ಕು ಮಡಿಕೆ ಮಾಡಿ ತಂದರು. ಕಟ್ಟಿ ಎಳೆದರೆ ಮುಂದಿನ ಚಕ್ರ ಬರೀ ಜಾರುತ್ತಿತ್ತು.

“ಮೂತಿ ಹಗುರ ಆಯ್ತು,” ಎಂದರು ಅತ್ತೆ. “ಮುಂದೆ ಭಾರ ಹಾಕಿ. ಏನ್ ನೋಡ್ತೀರಿ? ಹತ್ತಿ ಕೂತ್ಕೊಳ್ಳಿ!”

ಅವರ ದನಿಯಲ್ಲಿ ಮೂವತ್ತು ವರ್ಷ ಗಿರಣಿಯ ಸದ್ದನ್ನು ಮೀರಿ ಕೂಗಿದ ಅಧಿಕಾರವಿತ್ತು. ಬಾನೆಟ್ಟಿನ ಮೇಲೆ ಮೊದಲು ನಾನು ಹತ್ತಿದೆ. ಆಮೇಲೆ ಅಕ್ಕ. ಆಮೇಲೆ ಶಾಫ್ಟನ್ನು ಮಗುವಿನಂತೆ ಎತ್ತಿಕೊಂಡೇ ಹೆಡ್ ಕಾನ್‌ಸ್ಟೇಬಲ್ಲು. ಡಾಕ್ಟರು ಬಂಪರಿನ ಮೇಲೆ ನಿಂತು ನನ್ನ ಕಾಲು ಹಿಡಿದುಕೊಂಡರು. ಎದುರಿಗೆ ಏನೂ ಕಾಣದೆ, ನಮ್ಮ ಬೆನ್ನುಗಳನ್ನೇ ನೋಡುತ್ತ, ಒತ್ತಕ್ಷರದವರು ಕ್ಲಚ್ಚನ್ನು ಅಲ್ಪವಿರಾಮದಷ್ಟು ಮೆಲ್ಲಗೆ ಬಿಟ್ಟರು. ಚಕ್ರ ನೆಲ ಕಚ್ಚಿತು. ಹಗ್ಗ ಬಿಗಿಯಿತು. ಆಂಬುಲೆನ್ಸು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿ, ಗೋಳಾಡುತ್ತ ಕಾಲುವೆಯಿಂದ ಎದ್ದು ಬಂತು. ಹಗ್ಗ ಬಿಚ್ಚುವ ಪುರುಸೊತ್ತಿಲ್ಲ, ಅಕ್ಕನೇ ಕತ್ತರಿಸಿದರು. ಡಾಕ್ಟರು ಓಡಿ ಹತ್ತಿದರು. ಅದು ಕೂಗುತ್ತ ತಿರುವಿನಲ್ಲಿ ಮರೆಯಾಯಿತು.

ಒಂದು ಗಂಟೆಯಾದ ಮೇಲೆ ಡಾಕ್ಟರು ಕಾನ್‌ಸ್ಟೇಬಲ್ಲಿಗೆ ಫೋನು ಮಾಡಿದರು: ಆಸ್ಪತ್ರೆಯ ಬಾಗಿಲು ದಾಟಿದ ಹತ್ತೇ ನಿಮಿಷಕ್ಕೆ ಹೆಣ್ಣುಮಗು, ತಾಯಿ ಕ್ಷೇಮ. ಕಾನ್‌ಸ್ಟೇಬಲ್ಲು ಆಗ ನಮ್ಮ ಎದುರುಮನೆಯ ಅಂಗಳದಲ್ಲಿ ಕೂತು, ಸುತ್ತಿಗೆಯ ಪೆಟ್ಟಿಗೆ ಶಾಫ್ಟು ಅಲುಗದಂತೆ ಹಿಡಿದುಕೊಂಡಿದ್ದರು. ದೂರಿನ ವಿಚಾರಣೆ ಇನ್ನೂ ಮುಗಿದಿಲ್ಲ ಎಂದು ಅವರ ವಾದ. ಮಧ್ಯಾಹ್ನ ಡಾಕ್ಟರೂ ಬಂದರು. ಅಷ್ಟರಲ್ಲಿ ಹಳೇ ಕ್ರಾಸು ಹೊರಗೆ ಬಂದಿತ್ತು. ಅತ್ತೆ ಅದನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರು. ಸೂಜಿಯಂಥ ಬೇರಿಂಗುಗಳು ಉಕ್ಕನ್ನು ಕೊರೆದು ಗೆರೆಗೆರೆ ಮಾಡಿದ್ದವು. ಒಂದು ತೊಟ್ಟು ಗ್ರೀಸಿರಲಿಲ್ಲ.

“ಪಾಪ, ಎಷ್ಟು ವರ್ಷ ಹೀಗೇ ಓಡಿತೋ,” ಎಂದರು.

ಡಾಕ್ಟರು ಮೆಲ್ಲಗೆ, “ನಿಮ್ಮ ಮಂಡಿ ಒಳಗೂ ಹೀಗೇ ಇದೆ ಅಮ್ಮ,” ಎಂದರು.

ಅತ್ತೆ ಅದರ ಗೆರೆಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿದರು. ಅಳಿಯ ಸುತ್ತಿಗೆ ಕೆಳಗಿಟ್ಟರು.

“ಹಾಗಾದ್ರೆ ಬಿಚ್ಚಿ,” ಎಂದರು ಅತ್ತೆ ಕೊನೆಗೆ. “ಆದ್ರೆ ಮುಂಚೆ ಪುಸ್ತಕ ಪೂರ್ತಿ ಓದ್ಕೊಂಡು ಬನ್ನಿ.”

ಶಾಲೆಯಿಂದ ಹೆಂಡತಿ ಮರಳುವಾಗ ಮೂರೂವರೆ ಗಂಟೆ. ಆಂಬುಲೆನ್ಸು, ಪೊಲೀಸು, ಅಮ್ಮ, ಸುತ್ತಿಗೆ ಎಂಬ ನಾಲ್ಕು ಪದಗಳನ್ನು ಬೀದಿಯ ತುದಿಯಲ್ಲೇ ಯಾರೋ ಹೇಳಿದ್ದರು. ಅರ್ಧ ಓಡುತ್ತ ಗೇಟಿಗೆ ಬಂದು ನಿಂತರು. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು ಜೀಪು ನಿಂತಿತ್ತು. ಅದರ ಅಡಿಯಿಂದ ಸಾಲಾಗಿ ಕಾಲುಗಳು ಹೊರಗೆ ಚಾಚಿದ್ದವು: ಪೊಲೀಸ್ ಬೂಟು ಒಂದು ಜೊತೆ, ಮಿರುಗುವ ಕಪ್ಪು ಷೂ ಒಂದು ಜೊತೆ, ನನ್ನ ಚಪ್ಪಲಿ, ಒಂದು ಜೊತೆ ಬರಿಗಾಲು, ತೀರಾ ಆಚೆ ತುದಿಗೆ ಪಕ್ಕದ ಮನೆಯ ಅಕ್ಕನ ರಬ್ಬರು ಚಪ್ಪಲಿ. ಒಬ್ಬರು ಶಾಫ್ಟಿನ ಈ ತುದಿ, ಒಬ್ಬರು ಆ ತುದಿ ಎತ್ತಿ ಹಿಡಿದಿದ್ದರು. ಒಬ್ಬರು ಟಾರ್ಚು. ಕೆಂಪು ಗುರುತು ಗುರುತಿಗೆ ಕೂತಿದೆಯೇ ಎಂದು ಎಲ್ಲರೂ ಒಟ್ಟಿಗೆ ಚರ್ಚಿಸುತ್ತಿದ್ದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಅಮ್ಮ, ಕೈಯಲ್ಲಿ ಪುಸ್ತಕ, ಮೂಗಿನ ಮೇಲೆ ಅಳಿಯನ ಕನ್ನಡಕ.

ಹೆಂಡತಿ ಕಾಲುಗಳನ್ನು ಒಂದು ಕಡೆಯಿಂದ ಎಣಿಸಿದರು. ಇನ್ನೊಂದು ಕಡೆಯಿಂದ ಎಣಿಸಿದರು.

“ರೀ,” ಎಂದರು, “ಇದರಲ್ಲಿ ನೀವು ಯಾರು?”

ಅಡಿಯಲ್ಲಿ ಚರ್ಚೆ ಥಟ್ಟನೆ ನಿಂತಿತು. ಯಾವ ಕಾಲೂ ಅಲುಗಲಿಲ್ಲ. ಪೊಲೀಸ್ ಬೂಟು ಕೂಡ.

ಅಮ್ಮ ಪುಸ್ತಕದಿಂದ ತಲೆ ಎತ್ತದೆ ಹೇಳಿದರು: “ಎಡಗಡೆಯಿಂದ ನಾಲ್ಕನೇದು. ಈಗ ಕರೀಬೇಡ. ಕೊನೇ ನಟ್ಟು ಕೂರ್ತಾ ಇದೆ.”

ಹೆಂಡತಿ ಪೇಪರಿನ ಚೀಲವನ್ನು ಜಗಲಿಯ ಮೇಲಿಟ್ಟರು. ಕೈಬಳೆ ತೆಗೆದು ಅದರ ಪಕ್ಕ ಇಟ್ಟರು. ಬಂದು ಜೀಪಿನ ಪಕ್ಕ ಮಂಡಿಯೂರಿ ಕೂತು ಒಳಗೆ ಇಣುಕಿದರು.

“ಸರಿ,” ಎಂದರು, “ಪಾನ ಯಾರ ಹತ್ರ ಇದೆ?”